ಮೂರನೇದಾ, ನಾಲ್ಕನೇದಾ?

ದಾವಣಗೆರೆಯಲ್ಲಿ ಲಾ ಓದುವ ಅಕ್ಕನ ಮಗಳು ಮೊನ್ನೆ ಮಂಡಕ್ಕಿ-ಮಿರ್ಚಿ ಮುಂದಿಟ್ಟುಕೊಂಡು ಕೇಳಿದಳು: "ಮಾಮಾ, ಪ್ರಾಜೆಕ್ಟ್‌ಗೆ ಮೂರನೇ ಜಿನೀವಾ ಒಪ್ಪಂದ ತಗೊಳ್ಳಲಾ, ನಾಲ್ಕನೇದಾ?" ಎರಡೂ ಯುದ್ಧದಲ್ಲಿ ಸಿಕ್ಕಿಬಿದ್ದವರನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನೋ ಅಂತರರಾಷ್ಟ್ರೀಯ ಒಪ್ಪಂದಗಳು, 1949ರವು. ಮೂರನೆಯದು ಸೆರೆ ಸಿಕ್ಕ ಸೈನಿಕರದ್ದು. ನಾಲ್ಕನೆಯದು ಶತ್ರುಪಕ್ಷದ ಕೈಗೆ ಸಿಕ್ಕ ಸಾಮಾನ್ಯ ಜನರದ್ದು.

ಮೂರನೆಯದು ಓದೋಕೆ ಸಲೀಸು. 17ನೇ ವಿಧಿಯನ್ನೇ ನೋಡಿ. ಸೆರೆಯಾಳು ಹೇಳಬೇಕಾದ್ದು ಹೆಸರು, ದರ್ಜೆ, ಹುಟ್ಟಿದ ದಿನ, ಸೇನಾ ನಂಬರ್ ಅಷ್ಟೇ. ಬಾಯಿ ಬಿಡಿಸೋಕೆ ಹೊಡೆಯುವ ಹಾಗಿಲ್ಲ, ಬೆದರಿಸುವ ಹಾಗೂ ಇಲ್ಲ. ಮನೆಗೆ ಕಾಗದ ಬರೆಯುವ ಹಕ್ಕೂ ಇದೆ. ಕಾದಾಟ ನಿಂತ ಮೇಲೆ ತಡಮಾಡದೆ ಊರಿಗೆ ಕಳಿಸಬೇಕು ಅನ್ನುತ್ತದೆ 118ನೇ ವಿಧಿ. ಆದರೆ 1971ರ ಡಿಸೆಂಬರಿನಲ್ಲಿ ಯುದ್ಧ ಮುಗಿದರೂ, ಭಾರತದಲ್ಲಿದ್ದ ಸುಮಾರು 93 ಸಾವಿರ ಪಾಕಿಸ್ತಾನಿ ಸೆರೆಯಾಳುಗಳಲ್ಲಿ ಕೊನೆಯವರು ವಾಪಸ್ ಹೋಗಿದ್ದು 1974ರಲ್ಲಿ! ವಾದಕ್ಕೆ ಇದಕ್ಕಿಂತ ಒಳ್ಳೆ ಸರಕು ಬೇಕಾ?

ನಾಲ್ಕನೆಯದರಲ್ಲಿ 159 ವಿಧಿ. ನಿದ್ದೆ ಬರುತ್ತೆ, ಸುಳ್ಳು ಹೇಳಲ್ಲ. ಆದರೆ 43ನೇ ವಿಧಿ ಗಟ್ಟಿ: ಕೂಡಿಹಾಕಿದವರ ವಿಷಯವನ್ನು ಕೋರ್ಟ್ ಅಥವಾ ಮಂಡಳಿ ವರ್ಷಕ್ಕೆ ಎರಡು ಸಲವಾದರೂ ನೋಡಬೇಕು. 1962ರ ಚೀನಾ ಯುದ್ಧದ ಹೊತ್ತಲ್ಲಿ ಭಾರತದಲ್ಲಿದ್ದ ಚೀನೀ ಮೂಲದ ಜನರನ್ನು ರಾಜಸ್ಥಾನದ ದೇವಳಿ ಶಿಬಿರಕ್ಕೆ ಹಾಕಿದ್ದರಲ್ಲ, ಅವರಲ್ಲಿ ಭಾರತೀಯ ಪ್ರಜೆಗಳೂ ಇದ್ದರು. ತಮ್ಮದೇ ದೇಶ ಹಿಡಿದಾಗ ಈ ಒಪ್ಪಂದ ಎಷ್ಟು ಕಾಯುತ್ತೆ? ಅಲ್ಲೇ ಸಿಕ್ಕು ಇರೋದು.

ಟೈಮ್ ಕಡಿಮೆ ಇದ್ರೆ ಮೂರನೇದು ತಗೋ ಅಂದೆ. ಮಿರ್ಚಿ ಮುರೀತಾ ಅವಳು "ನಾಲ್ಕನೇದೇ" ಅಂದಳು.