ಕ್ರೂಸ್ ಹತ್ತಲು 18 ಸಾಕಾ, 21 ಬೇಕಾ? ಸಿಂಗಾಪುರ, ಮಯಾಮಿ, ಚೆನ್ನೈ ಹೋಲಿಕೆ

ಕ್ರೂಸ್ ಹೋಗಬೇಕು ಅನ್ನುವ ಕಾಲೇಜು ಹುಡುಗ ಹುಡುಗಿಯರಿಗೆ ನಾನು ಮೊದಲು ಕೇಳುವುದು ಒಂದೇ. ಯಾವ ಬಂದರಿನಿಂದ ಹೊರಡುತ್ತೀರಿ? ಬಾಲ್ಕನಿ ಇದೆಯಾ, ಎಷ್ಟು ದುಡ್ಡು, ಊಟ ಹೇಗೆ, ಅದೆಲ್ಲ ಆಮೇಲೆ. ನಿಮ್ಮ ವಯಸ್ಸು 18ರಿಂದ 20ರ ನಡುವೆ ಇದ್ದರೆ ಬಂದರು ಯಾವುದು ಅನ್ನುವುದರ ಮೇಲೇ ಮುಕ್ಕಾಲು ಪಾಲು ನಿಂತಿದೆ.

ನಾನು 19ಕ್ಕೆ ಸಿಂಗಾಪುರದಿಂದ, 20ಕ್ಕೆ ಅಮೆರಿಕದ ಫ್ಲಾರಿಡಾ ರಾಜ್ಯದ ಮಯಾಮಿಯಿಂದ, 21 ದಾಟಿದ ಮೇಲೆ ಚೆನ್ನೈಯಿಂದ ಹಡಗು ಹತ್ತಿದ್ದೇನೆ. ಮೊದಲ ಎರಡೂ ಒಂದೇ ಕಂಪನಿಯ ಹಡಗುಗಳು, ರಾಯಲ್ ಕೆರಿಬಿಯನ್. ಆದರೂ ಸಿಂಗಾಪುರದಲ್ಲಿ ನಾನು ದೊಡ್ಡವಳು, ಒಂದು ವರ್ಷ ಕಳೆದ ಮೇಲೆ ಮಯಾಮಿಯಲ್ಲಿ ಚಿಕ್ಕವಳು! ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ತುಂಬಾ ಓಡಾಟ ಉಳಿಯುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಸಿಂಗಾಪುರದ್ದು ಮೊದಲು. ನಾನು ಮತ್ತು ಪಿಯುಸಿಯಿಂದ ಜೊತೆಗಿರುವ ಗೆಳತಿ, ಇಬ್ಬರೇ. ಮಲೇಷ್ಯಾದ ಪೆನಾಂಗ್‌ಗೆ ಹೋಗಿ ಬರುವ ಮೂರು ರಾತ್ರಿಯ ಪ್ರಯಾಣ. ವಿಜಯನಗರದ ನಮ್ಮ ಮನೆಯಲ್ಲಿ ಅಪ್ಪ ಕೇಳಿದ್ದು ಒಂದೇ ಮಾತು, "ದೊಡ್ಡವರು ಯಾರೂ ಇಲ್ಲದೆ ನಿಮ್ಮನ್ನ ಹತ್ತಿಸಿಕೊಳ್ತಾರಾ?" ಸರಿಯಾದ ಪ್ರಶ್ನೆಯೇ. ಉತ್ತರ ಕಂಪನಿಯ ನಿಯಮದಲ್ಲಿ ಸ್ಪಷ್ಟವಾಗಿದೆ. ಏಷ್ಯಾ, ಯುರೋಪ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಅಮೆರಿಕದ ಬಂದರುಗಳಿಂದ ಹೊರಟರೆ 18 ತುಂಬಿದವರು ತಾವೇ ರೂಮು ತೆಗೆದುಕೊಳ್ಳಬಹುದು. ಆ ಪುಟವನ್ನು ಪ್ರಿಂಟ್ ತೆಗೆದು ಅಪ್ಪನ ಕೈಗೆ ಕೊಟ್ಟೆ. ಅಮ್ಮ ಅದನ್ನು ಎರಡು ಸಲ ಓದಿಸಿಕೊಂಡರು.

ಮರೀನಾ ಬೇ ಟರ್ಮಿನಲ್‌ನಲ್ಲಿ ಪಾಸ್‌ಪೋರ್ಟ್ ನೋಡಿದರು, ಫೋಟೋ ತೆಗೆದರು, ಕಳಿಸಿದರು. ವಯಸ್ಸಿನ ಬಗ್ಗೆ ಒಂದು ಮಾತೂ ಬರಲಿಲ್ಲ. ಅಲ್ಲಿ ಕಷ್ಟ ಇರುವುದು ವಯಸ್ಸಿನಲ್ಲಲ್ಲ, ವೀಸಾದಲ್ಲಿ. ಹಡಗು ಸಿಂಗಾಪುರ ಬಿಟ್ಟು ಮತ್ತೆ ಸಿಂಗಾಪುರಕ್ಕೇ ಬರುತ್ತದೆ, ಅಂದರೆ ಎರಡು ಸಲ ಒಳಗೆ ಹೋಗಬೇಕು. ಹಾಗಾಗಿ ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಕೊಡುವ ವೀಸಾ ಕೈಯಲ್ಲಿದೆಯಾ ನೋಡಿಕೊಳ್ಳಿ. ಮಲೇಷ್ಯಾಕ್ಕೆ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ ವೀಸಾ ವಿನಾಯಿತಿ ಸಿಕ್ಕಿದೆ, ಪೆನಾಂಗ್‌ನಲ್ಲಿ ಇಳಿದು ಸುತ್ತಲು ಅದೇ ಅನುಕೂಲ ಆಯಿತು.

ಒಂದು ಎಚ್ಚರಿಕೆ. ಹೊರಡಲು ಎರಡು ತಿಂಗಳಿದ್ದಾಗ ನನ್ನ ಗೆಳತಿಗೆ ಇಂಟರ್ನಲ್ಸ್ ದಿನಾಂಕ ಬದಲಾಗಿ ಬರಲು ಆಗುವುದೇ ಇಲ್ಲವೇನೋ ಅನ್ನಿಸಿತ್ತು. ಆಗ ಲೆಕ್ಕ ಹಾಕಿದೆ. ಕ್ರೂಸ್ ದರ ಒಂದು ರೂಮಿಗೆ ಇಬ್ಬರು ಅನ್ನುವ ಲೆಕ್ಕದಲ್ಲಿ ಇರುತ್ತದೆ, ಒಬ್ಬರೇ ಹೋದರೆ ಹೆಚ್ಚುಕಡಿಮೆ ಇಬ್ಬರ ದುಡ್ಡನ್ನೂ ನಾವೇ ಕೊಡಬೇಕಾಗುತ್ತದೆ. 18 ತುಂಬಿದವರಿಗೆ ಒಂಟಿಯಾಗಿ ಹೋಗುವ ಹಕ್ಕಿದೆ, ಆದರೆ ಆ ಹಕ್ಕಿಗೆ ಬೆಲೆಯೂ ಇದೆ. ಪುಣ್ಯಕ್ಕೆ ಅವಳು ಬಂದಳು.

ಈಗ ಮಯಾಮಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಎಡವುವುದೆಲ್ಲ ಇಲ್ಲೇ.

ದೊಡ್ಡಮ್ಮನ ಮಗಳು ಫ್ಲಾರಿಡಾದಲ್ಲಿ ಎಂಎಸ್ ಓದುತ್ತಿದ್ದಳು. ಅಕ್ಕನಿಗೆ ಆಗ 23. ಅವಳ ಕ್ಲಾಸಿನ ಗೆಳತಿಗೆ 24, ಆ ಗೆಳತಿಯ ತಂಗಿಗೆ 19, ನನಗೆ 20. ನಾಲ್ಕೇ ಜನ, ಎರಡು ರೂಮು. ಚಿಕ್ಕವರಿಬ್ಬರು ಒಂದರಲ್ಲಿ, ದೊಡ್ಡವರಿಬ್ಬರು ಒಂದರಲ್ಲಿ ಅಂತ ಮಾತಾಡಿಕೊಂಡೆವು. ರಾತ್ರಿಯಿಡೀ ಹರಟಬಹುದು ಅನ್ನುವ ಆಸೆ ನನಗೆ. ರೂಪಾಯಿಯಲ್ಲೇ ದುಡ್ಡು ಕಟ್ಟೋಣ ಅಂತ ಬೆಂಗಳೂರಿನ ಒಬ್ಬ ಟ್ರಾವೆಲ್ ಏಜೆಂಟ್ ಹತ್ತಿರ ಹೋದೆ. "ಎಲ್ಲರಿಗೂ 18 ಆಗಿದೆಯಲ್ಲಮ್ಮಾ, ಸಾಕು" ಅಂದರು, ಅಡ್ವಾನ್ಸ್ ತೆಗೆದುಕೊಂಡರು. ಹತ್ತು ದಿನ ಸುಮ್ಮನಿದ್ದರು. ಹತ್ತು ದಿನ ಆದ ಮೇಲೆ ನಮ್ಮ ಹುಟ್ಟಿದ ದಿನಾಂಕಗಳನ್ನು ಹಾಕಲು ಹೋದಾಗ ಬುಕಿಂಗ್ ಮುಂದಕ್ಕೆ ಹೋಗಲಿಲ್ಲ. ಅಷ್ಟರಲ್ಲಿ ದರ ಏರಿತ್ತು. ಆ ವ್ಯತ್ಯಾಸ ನಮ್ಮ ತಲೆಗೇ ಬಂತು. ಇವತ್ತಿಗೂ ಅದು ನನಗೆ ಅನ್ಯಾಯ ಅಂತಲೇ ಅನ್ನಿಸುತ್ತದೆ, ಯಾಕೆಂದರೆ ಮೊದಲ ದಿನವೇ ನಾಲ್ಕು ದಿನಾಂಕ ಕೇಳಿದ್ದರೆ ಐದು ನಿಮಿಷದಲ್ಲಿ ಮುಗಿಯುವ ಕೆಲಸ ಅದು.

ನಿಯಮ ಏನೆಂದರೆ, ಉತ್ತರ ಅಮೆರಿಕದ ಬಂದರಿನಿಂದ ಹೊರಡುವ ರಾಯಲ್ ಕೆರಿಬಿಯನ್ ಹಡಗಿನಲ್ಲಿ 21 ತುಂಬದವರಿಗೆ ಪ್ರತ್ಯೇಕ ರೂಮು ಕೊಡುವುದಿಲ್ಲ. ಪ್ರತಿ ರೂಮಿನಲ್ಲಿ 21 ತುಂಬಿದವರು ಒಬ್ಬರಾದರೂ ಇರಬೇಕು. ಸಂಬಂಧಿಕರೇ ಆಗಬೇಕೆಂದಿಲ್ಲ. ನಾರ್ವೇಜಿಯನ್ ಕಂಪನಿಯದ್ದೂ ಹೆಚ್ಚುಕಡಿಮೆ ಹೀಗೇ, 21 ತುಂಬಿದವರು ಅದೇ ರೂಮಿನಲ್ಲೋ ಒಳಬಾಗಿಲಿನಿಂದ ಸೇರಿಕೊಂಡ ಪಕ್ಕದ ರೂಮಿನಲ್ಲೋ ಇರಬೇಕು. ಕಾರ್ನಿವಲ್ ಇನ್ನೂ ಬಿಗಿ. ಅಲ್ಲಿ 21 ಆಗದವರ ಜೊತೆ 25 ತುಂಬಿದ ಸಂಬಂಧಿಕರೋ ಪೋಷಕರೋ ಬೇಕು. ದರ ಕಡಿಮೆ ಅಂತ ನಾವು ಮೊದಲು ನೋಡಿದ್ದು ಅದನ್ನೇ. ನನ್ನ ಅಕ್ಕ ಸಂಬಂಧಿಕಳು ಹೌದು, ಆದರೆ 25 ಇಲ್ಲ. ಅಲ್ಲಿಗೆ ಆ ದಾರಿ ಮುಚ್ಚಿತು. ಮೂರೂ ಕಂಪನಿಗಳ ಹಡಗುಗಳು ಫ್ಲಾರಿಡಾದಿಂದಲೇ ಹೊರಡುತ್ತವೆ, ಬಹಾಮಾಸ್ ಕಡೆಗೇ ಹೋಗುತ್ತವೆ, ಆದರೆ ನಮ್ಮ ನಾಲ್ಕು ಜನಕ್ಕೆ ಒಂದು ಆಗುತ್ತದೆ, ಇನ್ನೊಂದು ಆಗುವುದೇ ಇಲ್ಲ!

ಪರಿಹಾರ ಸುಲಭವಾಗಿಯೇ ಸಿಕ್ಕಿತು. ಅಕ್ಕ ಮತ್ತು ನಾನು ಒಂದು ರೂಮು, ಅವಳ ಗೆಳತಿ ಮತ್ತು ತಂಗಿ ಇನ್ನೊಂದು. ಗುಂಪಿನಲ್ಲಿ ಹೋಗುವವರು ನೆನಪಿಡಿ, ಲೆಕ್ಕ ಗುಂಪಿಗಲ್ಲ, ರೂಮಿಗೆ. ಹತ್ತು ಜನರಲ್ಲಿ ಒಂಬತ್ತು ಜನ 21 ದಾಟಿದ್ದರೂ, ಉಳಿದ ಒಬ್ಬರನ್ನು ಒಂಟಿ ರೂಮಿಗೆ ಹಾಕುವ ಹಾಗಿಲ್ಲ.

ನನ್ನದೊಂದು ವಿಶೇಷ ಸಂಕಟ ಇತ್ತು. ನನ್ನ 21ನೇ ಹುಟ್ಟುಹಬ್ಬ ಆ ಪ್ರಯಾಣದ ಮೂರನೇ ದಿನ ಬರುತ್ತಿತ್ತು. ಎರಡು ದಿನಕ್ಕೆ ಏನಾಗುತ್ತೆ, ಬಿಡ್ತಾರೆ ಅಂದುಕೊಂಡಿದ್ದೆ. ಇಲ್ಲ. ಹಡಗು ಹೊರಡುವ ಮೊದಲ ದಿನ ನಿಮ್ಮ ವಯಸ್ಸು ಎಷ್ಟೋ ಅದೇ ಲೆಕ್ಕ. ಬುಕ್ ಮಾಡುವ ದಿನದ್ದೂ ಅಲ್ಲ, ವಾಪಸ್ ಬರುವ ದಿನದ್ದೂ ಅಲ್ಲ. ಇದರಲ್ಲಿ ಒಳ್ಳೆಯ ಸುದ್ದಿಯೂ ಇದೆ. ಇವತ್ತು ನಿಮಗೆ 20 ಆಗಿದ್ದರೂ, ಮುಂದಿನ ವರ್ಷ ಹೊರಡುವ ದಿನಕ್ಕೆ 21 ತುಂಬುವುದಾದರೆ ಆ ನಿಯಮ ನಿಮ್ಮನ್ನು ಮುಟ್ಟುವುದಿಲ್ಲ. ಕುಡಿಯುವ ವಿಷಯದಲ್ಲಿ ಮಾತ್ರ ಬೇರೆ. ಪ್ರಯಾಣದ ಮಧ್ಯೆ 21 ತುಂಬಿದರೆ ಹಡಗಿನ ಕೌಂಟರಿಗೆ ಹೋಗಿ ದಾಖಲೆ ಬದಲಿಸಿಕೊಳ್ಳಬಹುದು. ನನಗೆ ಅದು ಬೇಕಿರಲಿಲ್ಲ, ಕೇಕ್ ಸಾಕಾಗಿತ್ತು.

ಯಾಕೆ 21? ಅಮೆರಿಕದಲ್ಲಿ ಮದ್ಯ ಕೊಳ್ಳುವ ವಯಸ್ಸು 21. ಅಲ್ಲಿ 1984ರಲ್ಲಿ ಒಂದು ಕೇಂದ್ರ ಕಾನೂನು ಬಂತು. ಈ ವಯಸ್ಸನ್ನು 21 ಮಾಡದ ರಾಜ್ಯಗಳಿಗೆ ಹೆದ್ದಾರಿ ಅನುದಾನದಲ್ಲಿ ಕಡಿತ ಅಂತ. ಒಂದೊಂದೇ ರಾಜ್ಯ ಒಪ್ಪಿಕೊಂಡಿತು. ಹಡಗಿನ ತುಂಬಾ ಬಾರ್‌ಗಳು, ಮಾರ್ಚ್ ಏಪ್ರಿಲ್ ಕಾಲೇಜು ರಜೆಗೆ ಗುಂಪು ಗುಂಪಾಗಿ ಬರುವ ಹುಡುಗರು. ಒಬ್ಬೊಬ್ಬರ ವಯಸ್ಸು ನೋಡಿಕೊಂಡು ಕಾಯುವ ಬದಲು ಕಂಪನಿಗಳು ರೂಮಿನ ಮಟ್ಟದಲ್ಲೇ ಬಾಗಿಲು ಹಾಕಿವೆ. ರಾಯಲ್ ಕೆರಿಬಿಯನ್ ಕುಡಿಯುವ ವಯಸ್ಸನ್ನೂ ಏಷ್ಯಾದಿಂದ ಹೊರಡುವ ಹಡಗಿನಲ್ಲಿ 18 ಅಂತ ಇಟ್ಟಿದೆ, ಅಲ್ಲಿ ರೂಮಿಗೂ 18. ಎರಡೂ ಒಟ್ಟೊಟ್ಟಿಗೇ ನಡೆಯುತ್ತವೆ ನೋಡಿ.

ಕಾರಣ ಅರ್ಥವಾಗುತ್ತದೆ. ಆದರೆ ಅದರಲ್ಲಿರುವ ಒಂದು ವಿನಾಯಿತಿಯನ್ನು ನಾನು ಒಪ್ಪುವುದಿಲ್ಲ. ಮದುವೆಯಾದ ದಂಪತಿ 19, 20ರವರಾದರೂ ಮದುವೆ ಪ್ರಮಾಣಪತ್ರ ತೋರಿಸಿ ರೂಮು ಪಡೆಯಬಹುದು. ಒಬ್ಬಳೇ ಓದಿ, ದುಡಿದು, ತನ್ನ ದುಡ್ಡಿನಲ್ಲಿ ಬಂದ 20ರ ಹುಡುಗಿಗೆ ಇಲ್ಲ, ಅದೇ ವಯಸ್ಸಿನ ಮದುವೆಯಾದವಳಿಗೆ ಇದೆ. ತಾಳಿ ನೋಡಿ ಬುದ್ಧಿ ಅಳೆಯುವುದು ನಮ್ಮ ಕಡೆ ಮಾತ್ರ ಅಂದುಕೊಂಡಿದ್ದೆ. ನನಗೆ ಇದು ನಿಜಕ್ಕೂ ಬೇಸರ ತಂದ ವಿಷಯ.

ಚೆನ್ನೈ ಪ್ರಯಾಣ ಇವೆರಡಕ್ಕಿಂತ ಚಿಕ್ಕದು, ಹಗುರವಾದದ್ದು. ತಮ್ಮನಿಗೆ 18 ತುಂಬಿದ ವರ್ಷ, ಅವನನ್ನು ಕರೆದುಕೊಂಡು ಕೊರ್ಡೇಲಿಯಾ ಅನ್ನುವ ಕ್ರೂಸ್ ಕಂಪನಿಯ ಹಡಗಿನಲ್ಲಿ ಎರಡು ರಾತ್ರಿ ಹೋದೆ. ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಒರಟಾಗುತ್ತದೆ, ಹಾಗಾಗಿ ಮುಂಬೈ ಗೋವಾ ಕಡೆ ಓಡಾಡುವ ಹಡಗು ಆ ತಿಂಗಳುಗಳಲ್ಲಿ ಚೆನ್ನೈಗೆ ಬರುತ್ತದೆ. ಬೆಂಗಳೂರಿನವರಿಗೆ ಇದು ಭಾರೀ ಅನುಕೂಲ. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ವಂದೇ ಭಾರತ್ ಹತ್ತಿದರೆ ಮಧ್ಯಾಹ್ನಕ್ಕೆ ಚೆನ್ನೈ ಸೆಂಟ್ರಲ್, ಅಲ್ಲಿಂದ ಬಂದರು ಹತ್ತಿರವೇ. ಆದರೂ ಹಡಗು ಹೊರಡುವ ದಿನವೇ ರೈಲು ಹತ್ತುವ ಸಾಹಸ ಬೇಡ, ನಾವು ಹಿಂದಿನ ದಿನವೇ ಹೋಗಿ ಉಳಿದೆವು.

ನಮ್ಮ ದೇಶದಲ್ಲಿ 1875ರ ಕಾನೂನಿನಿಂದಲೂ ವಯಸ್ಕರಾಗುವುದು 18ಕ್ಕೆ. ನಮ್ಮ ರೂಮಿನಲ್ಲಿ 21 ದಾಟಿದ ನಾನೂ ಇದ್ದೆ, ಆದ್ದರಿಂದ ಯಾವ ಲೆಕ್ಕದಲ್ಲೂ ತೊಂದರೆ ಬರಲಿಲ್ಲ. ಭಾರತದೊಳಗಿನ ಪ್ರಯಾಣ, ಪಾಸ್‌ಪೋರ್ಟ್ ಬೇಕಿಲ್ಲ, ಆಧಾರ್ ತೋರಿಸಿದೆವು. ಮನೆಯವರಿಗೆ ಗೊಂದಲ ಆಗುವುದು ಕುಡಿಯುವ ವಯಸ್ಸಿನ ವಿಷಯದಲ್ಲಿ. ನಮ್ಮ ಬೆಂಗಳೂರಿನ ಪಬ್‌ಗಳಲ್ಲಿ 21 ಅನ್ನುತ್ತಾರೆ, ಗೋವಾದಲ್ಲಿ 18, ಕೇರಳದಲ್ಲಿ 23, ಮಹಾರಾಷ್ಟ್ರದಲ್ಲಿ ಬಿಯರ್ ಬಿಟ್ಟು ಗಟ್ಟಿ ಮದ್ಯಕ್ಕೆ 25. ಟಿಕೆಟ್ ಸಿಕ್ಕಿತು ಅಂದ ಮಾತ್ರಕ್ಕೆ ಹಡಗಿನ ಬಾರ್ ನಿಮಗೆ ತೆರೆದಿದೆ ಅಂತ ಅರ್ಥ ಅಲ್ಲ. ತಮ್ಮನಿಗೆ ಇದನ್ನು ಅಮ್ಮ ಮನೆಯಲ್ಲೇ ಹೇಳಿ ಕಳಿಸಿದ್ದರು.

ನನಗೆ ಖುಷಿಯಾದ ಒಂದು ಸಂಗತಿ ಹೇಳಲೇಬೇಕು. ನಾವು ಹತ್ತಿದ ಎಂಪ್ರೆಸ್ ಹಡಗು 1990ರದ್ದು, ಮೊದಲು ರಾಯಲ್ ಕೆರಿಬಿಯನ್ ಹಡಗಾಗಿತ್ತು. ಒಂದು ಕಾಲಕ್ಕೆ ಮಯಾಮಿಯಿಂದ ಕ್ಯೂಬಾಕ್ಕೆ ಹೋಗಿ ಬರುತ್ತಿದ್ದ ಹಡಗು ಅದು. ಮೆಟ್ಟಿಲು, ಮಧ್ಯದ ಹಜಾರ ನೋಡುತ್ತಾ ತಮ್ಮನಿಗೆ ಹೇಳಿದೆ, ಇದೇ ಹಡಗು ಅಲ್ಲಿಂದ ಹೊರಡುವಾಗ ನೀನು ಗೆಳೆಯರ ಜೊತೆ ಬಂದಿದ್ದರೆ ನಿನಗೆ ರೂಮೇ ಕೊಡುತ್ತಿರಲಿಲ್ಲ ಅಂತ.

ಖರ್ಚು ಹೇಳಿಬಿಡುತ್ತೇನೆ, ಎಲ್ಲರೂ ಅದನ್ನೇ ಕೇಳುತ್ತಾರೆ. ಚೆನ್ನೈಗೆ ರೈಲು, ಒಂದು ರಾತ್ರಿಯ ಲಾಡ್ಜ್ ಸೇರಿ ನನಗೆ ಸುಮಾರು 28 ಸಾವಿರ ಆಯಿತು. ಸಿಂಗಾಪುರಕ್ಕೆ ವಿಮಾನ, ವೀಸಾ ಎಲ್ಲ ಸೇರಿ 75 ಸಾವಿರದ ಹತ್ತಿರ. ಮಯಾಮಿಯಲ್ಲಿ ಬರೀ ಹಡಗಿಗೇ 45 ಸಾವಿರ ದಾಟಿತು, ವಿಮಾನ ಬೇರೆ. ಅಲ್ಲಿ ದಿನಕ್ಕೆ ಒಬ್ಬರಿಗೆ 18 ಡಾಲರ್ ಮೇಲೆ ಟಿಪ್ಸ್ ಅಂತ ಬಿಲ್ಲಿಗೆ ಸೇರಿಸುತ್ತಾರೆ, ಅದನ್ನು ಮೊದಲೇ ಎಣಿಸಿಕೊಳ್ಳಿ. ಊಟಕ್ಕೆ ಚೆನ್ನೈ ಹಡಗೇ ಮೇಲು. ಬೆಳಿಗ್ಗೆ ಇಡ್ಲಿ ಸಾಂಬಾರ್, ರಾತ್ರಿ ಜೈನರಿಗೂ ಬೇರೆ ಅಡುಗೆ. ಆಟ, ಶೋಗಳಿಗೆ ಸಿಂಗಾಪುರದ ಹಡಗಿನ ಹತ್ತಿರ ಉಳಿದೆರಡೂ ಬರುವುದಿಲ್ಲ.

18, 19, 20ರವರು ಗೆಳೆಯರ ಜೊತೆ ದೊಡ್ಡ ಹಡಗು ನೋಡಬೇಕೆಂದರೆ ನಾನು ಹೇಳುವುದು ಸಿಂಗಾಪುರ, ಎರಡು ಮಾತಿಲ್ಲ. ದುಡ್ಡು ಕಡಿಮೆ ಇದ್ದರೆ, ಸಮುದ್ರ ಒಗ್ಗುತ್ತದೋ ಇಲ್ಲವೋ ಅಂತ ಭಯ ಇದ್ದರೆ ಮೊದಲು ಚೆನ್ನೈ. ಅಮೆರಿಕದಲ್ಲಿ ಅಕ್ಕನೋ ಅಣ್ಣನೋ ಇದ್ದು, ಅವರು ನಿಮ್ಮ ರೂಮಿನಲ್ಲೇ ಇರುವುದಾದರೆ ಮಯಾಮಿ ಆಗಬಹುದು. ಇಲ್ಲದಿದ್ದರೆ 21 ಆಗುವವರೆಗೆ ಅಲ್ಲಿ ದುಡ್ಡು ಕಟ್ಟಬೇಡಿ. ಏಜೆಂಟ್ ಹತ್ತಿರ ಹೋದರೂ ದರ ಕೇಳುವ ಮೊದಲು ಪ್ರತಿಯೊಬ್ಬರ ಹುಟ್ಟಿದ ದಿನಾಂಕ ಬರೆದ ಚೀಟಿ ಕೊಡಿ, ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ. ಹಳೆಯ ಆಧಾರ್ ಕಾರ್ಡುಗಳಲ್ಲಿ ಹುಟ್ಟಿದ ವರ್ಷ ಮಾತ್ರ ಇರುತ್ತದೆ, ಅದನ್ನು ಮೊದಲೇ ಸರಿ ಮಾಡಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ತಾರೀಖು, ಆಧಾರ್‌ನಲ್ಲಿ ಇನ್ನೊಂದು ಇರುವವರು ನಮ್ಮಲ್ಲಿ ಕಡಿಮೆ ಏನಿಲ್ಲ. ವಯಸ್ಸಿನ ಮೇಲೇ ಟಿಕೆಟ್ ನಿಂತಿರುವಾಗ ಅದು ಚಿಕ್ಕ ವಿಷಯ ಅಲ್ಲ.

ತಮ್ಮ ಈಗ ಮೂವರು ಗೆಳೆಯರ ಜೊತೆ ಸಿಂಗಾಪುರಕ್ಕೆ ಹೊರಟಿದ್ದಾನೆ. ನಿನ್ನೆ ಚೀಟಿ ಬರೆಸಿದೆ. ಅವರಲ್ಲಿ ಒಬ್ಬನಿಗೆ 18 ತುಂಬುವುದು ಡಿಸೆಂಬರ್ 14ಕ್ಕೆ, ಅವರು ನೋಡಿಟ್ಟಿದ್ದ ಹಡಗು ಹೊರಡುವುದು 12ಕ್ಕೆ. ಈಗ ಅದರ ಮುಂದಿನ ವಾರದ್ದು ಹುಡುಕುತ್ತಿದ್ದೇವೆ.