ಕಲ್ಲಿದ್ದಲು ಮಿಂಚಿದರೆ ಮರುಳಾಗಬೇಡಿ, ನಾನು 18 ಟನ್ ತಗೊಂಡು ಕೆಟ್ಟೆ

ಬಳ್ಳಾರಿಯಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ವಾಷಿಂಗ್ ಯೂನಿಟ್ ಇದೆ. ಗಂಟೆಗೆ ಒಂದು ಟನ್ ಹಬೆ ಕೊಡುವ ಬಾಯ್ಲರ್. ಇದನ್ನು ಬರೆಯೋಕೆ ನಾಚಿಕೆ ಆಗುತ್ತದೆ. ಆದರೆ ನನಗೆ ಕೆಟ್ಟ ಕಲ್ಲಿದ್ದಲು ಮಾರಿದ ದಲ್ಲಾಳಿ ಈಗ ಅಕ್ಕಪಕ್ಕದ ಯೂನಿಟ್‌ಗಳಿಗೂ ಎಡತಾಕುತ್ತಿದ್ದಾನೆ ಅಂತ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಸೌದೆ ರೇಟು ಏರಿತು ಅಂತ ನಾವು ಹೋದ ವರ್ಷವೇ ಕಲ್ಲಿದ್ದಲಿಗೆ ಬಂದಿದ್ದೆವು. ಇಂಡೋನೇಷ್ಯಾ ಮಾಲು, ಬೂದಿ ಕಮ್ಮಿ, ತೊಂದರೆ ಇರಲಿಲ್ಲ. ಈ ದಲ್ಲಾಳಿ ಬಂದು ಅದೇ ಮಾಲನ್ನು ಟನ್ನಿಗೆ 700 ರೂಪಾಯಿ ಕಮ್ಮಿಗೆ ಕೊಡುತ್ತೇನೆ ಅಂದ. ರಿಪೋರ್ಟ್ ತೋರಿಸಿದ. ಜಿಸಿವಿ, ಅಂದರೆ ಒಂದು ಕೆಜಿ ಸುಟ್ಟರೆ ಬರುವ ಶಾಖ, 5500 ಕಿಲೋಕ್ಯಾಲರಿ; ಬೂದಿ ನೂರಕ್ಕೆ 8. ಸ್ಯಾಂಪಲ್ ಅಂತ ಚೀಲದಿಂದ ಒಂದು ಹೆಂಟೆ ತೆಗೆದ. ನಡುವೆ ಹಳದಿ ಗೆರೆ, ಬಿಸಿಲಿಗೆ ಹಿಡಿದರೆ ಹಿತ್ತಾಳೆ ಹಾಗೆ ಹೊಳೆಯುತ್ತಿತ್ತು.

"ಇದೇನ್ರೀ ಹೊಳಪು?" ಅಂದೆ.

"ಶೈನಿಂಗ್ ಸಾಹುಕಾರ್ರೇ. ಒಳ್ಳೇ ಮಾಲಿಗೇ ಇದು ಬರೋದು."

ನಾನು ತಲೆಯಾಡಿಸಿದೆ. ಅಷ್ಟೇ ಅಲ್ಲ, ನಮ್ಮ ಫೈರ್‌ಮನ್‌ನ ಕರೆದು "ನೋಡು, ಹೆಂಗೆ ಮಿಂಚ್ತೈತೆ" ಅಂತ ತೋರಿಸಿದೆ ಕೂಡ! ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಅದು ಪೈರೈಟ್. ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಸುಟ್ಟರೆ ಗಂಧಕ ಹೊಗೆಯಲ್ಲಿ ಹೋಗುತ್ತದೆ, ಕಬ್ಬಿಣ ಬೂದಿಯಲ್ಲಿ ಉಳಿದು ಬೂದಿ ಬೇಗ ಕರಗುವ ಹಾಗೆ ಮಾಡುತ್ತದೆ. ಕಲ್ಲಿದ್ದಲಿಗೂ ಒಂದು ಕರಿ ಹೊಳಪು ಇರುತ್ತದೆ, ಅದು ಬೇರೆ. ಹಳದಿ ಹೊಳಪು ಬೇರೆ. ನನಗೆ ಆವತ್ತು ಎರಡೂ ಒಂದೇ.

ಲಾರಿ ಬಂತು. ಮಾಲು ತೊಯ್ದಿತ್ತು. "ಪೋರ್ಟಲ್ಲಿ ಮಳೆ" ಅಂದ. ಇರಬಹುದು ಅಂದುಕೊಂಡೆ. ದುಡ್ಡು ಕೊಟ್ಟೆ.

ಎರಡನೇ ದಿನಕ್ಕೇ ಫೈರ್‌ಮನ್ ಬಂದು "ಅಣ್ಣಾ, ಇದು ಉರಿಯೋದಕ್ಕಿಂತ ಬೇಯೋದೇ ಜಾಸ್ತಿ" ಅಂದ. ಹೋಗಿ ನೋಡಿದರೆ ಗ್ರೇಟ್ ಮೇಲೆ, ಅಂದರೆ ಕಲ್ಲಿದ್ದಲು ಉರಿಯುವ ಕಬ್ಬಿಣದ ಜಾಲರಿ ಮೇಲೆ, ಬೂದಿ ಕರಗಿ, ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಕ್ಲಿಂಕರ್ ಕಟ್ಟಿದೆ. ಕೆಳಗಿನಿಂದ ಗಾಳಿ ಬರಲ್ಲ, ಪ್ರೆಷರ್ ಏರಲ್ಲ. ಬಾಗಿಲು ತೆಗೆದು ಹಾರೆಯಲ್ಲಿ ಒಡೆಯಬೇಕು. ಒಡೆದ ಸಲವೆಲ್ಲ ಹೊಗೆ ಎಳೆಯುವ ಐಡಿ ಫ್ಯಾನ್ ಆ ದೂಳನ್ನು ಎಳೆದು ಚಿಮಣಿಗೆ ಕೊಡುತ್ತದೆ. ಮೊದಲು ದಿನಕ್ಕೆ ಎರಡು ತಳ್ಳುಗಾಡಿ ಬೂದಿ ಬೀಳುತ್ತಿತ್ತು, ಈಗ ಏಳು, ಎಂಟು.

ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಬೆಂಕಿ ಏರಲಿ ಅಂತ ಶೇಂಗಾ ಹೊಟ್ಟು ಬೆರೆಸಿ ಹಾಕಿಸಿದೆ. ಬೆಂಕಿ ಏರಿತು. ಜೊತೆಗೆ ಚಿಮಣಿಯಿಂದ ಬಿಳಿ ನೀಲಿ ಹೊಗೆ. ಪಟಾಕಿ ಹೊಡೆದ ವಾಸನೆ ಬೇರೆ. ಸಂಜೆ ಹೊತ್ತಿಗೆ ಅಂಗಳದಲ್ಲಿ ಒಣಹಾಕಿದ್ದ 400 ಪ್ಯಾಂಟಿನ ಮೇಲೆ ಬೂದು ಬೂದು ಚುಕ್ಕಿ. ಹಿಂದಿನ ಮನೆಯ ಅಜ್ಜಿ ತಟ್ಟೆ ಹಿಡಿದುಕೊಂಡು ಬಂದರು, ಹಪ್ಪಳ ಒಣಹಾಕಿದ್ದ ತಟ್ಟೆ. "ಏನಪ್ಪಾ, ಇದನ್ನ ನೀನೇ ತಿಂತೀಯಾ?" ಅಂದರು. ಏನು ಹೇಳೋದು?

ದಲ್ಲಾಳಿಗೆ ಫೋನ್ ಮಾಡಿದೆ.

"ಏನಾಗಲ್ಲ ಬಿಡ್ರೀ. ನಿಮ್ ಫೈರ್‌ಮನ್‌ಗೆ ಗಾಳಿ ಕೊಡಕ್ ಬರಲ್ಲ."

ಮತ್ತೆ ಮಾಡಿದೆ. "ಸೈಕ್ಲೋನ್ ಕ್ಲೀನ್ ಮಾಡ್ಸಿ." ಸೈಕ್ಲೋನ್ ಅಂದರೆ ಹೊಗೆಯನ್ನು ಸುತ್ತಿಸಿ ದೂಳು ಬೀಳಿಸುವ ಡಬ್ಬ. ಮಾಡಿಸಿದೆ. ಏನೂ ಆಗಲಿಲ್ಲ.

ಮೂರನೇ ಸಲ ರಿಪೋರ್ಟ್ ವಿಷಯ ಎತ್ತಿದೆ. "ಎಡಿಬಿ ಅಂತ ಬರೆದೈತಲ್ಲ ಸಾಹುಕಾರ್ರೇ, ಓದಲಿಲ್ವಾ?" ಅಂದುಬಿಟ್ಟ! ಎಡಿಬಿ ಅಂದರೆ ಗಾಳಿಗೆ ಒಣಗಿಸಿದ ಮೇಲಿನ ಲೆಕ್ಕ. ಲಾರಿಯಲ್ಲಿ ಬಂದ ತೇವದ ಮಾಲಿನ ಲೆಕ್ಕಕ್ಕೆ ಎಆರ್‌ಬಿ ಅನ್ನುತ್ತಾರೆ. ತೇವ ಜಾಸ್ತಿ ಇರುವ ಇಂಡೋನೇಷ್ಯಾ ಮಾಲಿನಲ್ಲಿ ಎಡಿಬಿಯ 5500 ಎಆರ್‌ಬಿಯಲ್ಲಿ 4200ಕ್ಕೂ ಇಳಿಯುತ್ತದೆ. ಅದೂ ಮಾಲು ನಿಜವಾಗಿ ಆ ರಿಪೋರ್ಟಿನದ್ದೇ ಆಗಿದ್ದರೆ. ನನ್ನದು ಅದೂ ಆಗಿರಲಿಲ್ಲ.

ಕೊನೆಗೆ ನಾನೇ ಲ್ಯಾಬಿಗೆ ಕೊಟ್ಟೆ. ಬೂದಿ ನೂರಕ್ಕೆ 36. ನಮ್ಮ ದೇಶದ ಗಣಿಗಳ ಕಲ್ಲಿದ್ದಲಿನಲ್ಲಿ 30ರಿಂದ 45ರವರೆಗೆ ಬೂದಿ ಇರೋದು ಹೊಸದೇನಲ್ಲ. ರಾಯಚೂರಿನ ಶಕ್ತಿನಗರದಂಥ ದೊಡ್ಡ ವಿದ್ಯುತ್ ಸ್ಥಾವರದ ಕಡೆ ಅದಕ್ಕೆ ತಕ್ಕ ಹಾಗೇ ಬಾಯ್ಲರ್ ಕಟ್ಟಿರುತ್ತಾರೆ, ದೂಳು ಹಿಡಿಯೋಕೆ ಇಎಸ್‌ಪಿ ಅನ್ನುವ ವಿದ್ಯುತ್ ಯಂತ್ರ ಇರುತ್ತದೆ. ನಮ್ಮ ಹತ್ತಿರ ಇರೋದು ಒಂದು ತಗಡಿನ ಸೈಕ್ಲೋನ್.

ಲ್ಯಾಬಿನ ಹುಡುಗ ಒಳ್ಳೆಯವನು, ಕೂರಿಸಿಕೊಂಡು ಹೇಳಿದ. ಬೂದಿ ಎಷ್ಟು ಅನ್ನೋದು ಅರ್ಧ ಮಾತು, ಬೂದಿಯಲ್ಲಿ ಏನಿದೆ ಅನ್ನೋದು ಇನ್ನರ್ಧ. ಮರಳಿನ ಅಂಶ, ಜೇಡಿಮಣ್ಣಿನ ಅಂಶ ಬಹುಪಾಲು ದಪ್ಪ ಕಣವಾಗಿಯೇ ಉಳಿಯುತ್ತದೆ. ಅದು ಗ್ರೇಟ್ ಮೇಲೆ ಕೂರುತ್ತದೆ, ಹಾರಿದ್ದನ್ನು ಸೈಕ್ಲೋನ್ ಹಿಡಿಯುತ್ತದೆ. ಸೋಡಿಯಂ, ಪೊಟ್ಯಾಶಿಯಂ ಹಾಗಲ್ಲ. ಬೆಂಕಿಯಲ್ಲಿ ಆವಿಯಾಗಿ ಹೋಗಿ, ಹೊಗೆ ತಣ್ಣಗಾಗುವಾಗ ಮತ್ತೆ ಕಣವಾಗುತ್ತದೆ. ಒಂದು ಮೈಕ್ರಾನಿಗಿಂತ ಸಣ್ಣ ಕಣ. ಅದನ್ನು ಸೈಕ್ಲೋನ್ ಹಿಡಿಯೋದೇ ಇಲ್ಲ, ಬಟ್ಟೆ ಚೀಲದಲ್ಲಿ ಸೋಸುವ ಬ್ಯಾಗ್ ಫಿಲ್ಟರ್ ಬೇಕು. ಕಣ್ಣಿಗೆ ಕಾಣಲ್ಲ, ಎದೆಯೊಳಗೆ ಇಳಿಯೋದು ಅದೇ.

"ಶೇಂಗಾ ಹೊಟ್ಟು ಯಾಕೆ ಹಾಕಿದ್ರಿ ಸಾರ್? ಹೊಟ್ಟಿನ ಬೂದಿಯಲ್ಲಿ ಪೊಟ್ಯಾಶಿಯಂ ಜಾಸ್ತಿ" ಅಂದ. ಅಂದರೆ ಆ ಬಿಳಿ ಹೊಗೆಯಲ್ಲಿ ನನ್ನ ಪಾಲೂ ಇತ್ತು. ಅಜ್ಜಿಗೆ ಇದನ್ನು ಹೇಳಿಲ್ಲ.

ತಗೊಳ್ಳೋರು ಇಷ್ಟಾದರೂ ಮಾಡಿ. ದಲ್ಲಾಳಿ ಚೀಲದ ಹೆಂಟೆ ನೋಡಬೇಡಿ. ಲಾರಿ ಮೇಲೆ ಹತ್ತಿ, ಮೇಲೆ, ನಡುವೆ, ತಳದಿಂದ ನೀವೇ ತೆಗೆದು ಒಡೆದು ನೋಡಿ. ಬೂದು ಪಟ್ಟೆ ಇದ್ದು ಕೈಗೆ ತೂಕ ಜಾಸ್ತಿ ಅನ್ನಿಸಿದರೆ ಅದು ಕಲ್ಲು. ರಿಪೋರ್ಟ್ ಎಆರ್‌ಬಿಯಲ್ಲೇ ಕೇಳಿ, ಗಂಧಕ ಎಷ್ಟು, ಬೂದಿ ಎಷ್ಟು ಡಿಗ್ರಿಗೆ ಕರಗುತ್ತದೆ ಅನ್ನೋದನ್ನೂ ಕೇಳಿ. "ಅದೆಲ್ಲ ಯಾರೂ ಕೇಳಲ್ಲ ಸಾಹುಕಾರ್ರೇ" ಅಂದರೆ ಅದು ಅವನೇ, ಬಾಗಿಲು ಹಾಕಿ.

ದುಡ್ಡು ವಾಪಸ್ ಬಂದಿಲ್ಲ. ಬಟ್ಟೆಯ ಪಾರ್ಟಿ 400 ಪ್ಯಾಂಟಿನ ಬಿಲ್ಲು ಹಿಡಿದುಕೊಂಡಿದ್ದಾರೆ. ಇನ್ನೂ ನಾಲ್ಕು ಟನ್ ಮಾಲು ಅಂಗಳದಲ್ಲಿ ತಾಡಪಾಲಿನ ಕೆಳಗಿದೆ. ಮೊನ್ನೆ ಇಟ್ಟಿಗೆ ಭಟ್ಟಿಯವರೊಬ್ಬರು ಅರ್ಧ ರೇಟಿಗೆ ಕೇಳಿದರು. ಒಂದು ಹೆಂಟೆ ಒಡೆದು ತೋರಿಸಿ, ನೋಡಿಯೇ ತಗೊಳ್ರೀ ಅಂದೆ. ನೋಡಿದರು. ತಗೊಳ್ಳಲಿಲ್ಲ.