ಮ್ಯಾಪಿಂಗ್ ಕೆಲಸ ಹಿಡಿಯೋಕೆ ಕ್ಯೂಜಿಐಎಸ್ ಸಾಕಾ?

ಭೂಗೋಳ ಓದಿ ಡಿಜಿಟಲ್ ಮ್ಯಾಪಿಂಗ್ ಕಡೆ ಹೊರಳಬೇಕು ಅಂದುಕೊಂಡವರು ಮೊದಲು ಕೇಳೋದು ಇದನ್ನೇ: ದುಡ್ಡು ಕೊಟ್ಟು ಆರ್ಕ್‌ಜಿಐಎಸ್ ಅನ್ನೋ ಮ್ಯಾಪಿಂಗ್ ಸಾಫ್ಟ್‌ವೇರ್ ಕಲಿಯಬೇಕಾ, ಕ್ಯೂಜಿಐಎಸ್ ಸಾಕಾ? ಕಲಿಯೋಕೆ ಕ್ಯೂಜಿಐಎಸ್ ಧಾರಾಳವಾಗಿ ಸಾಕು. 2002ರಲ್ಲಿ ಗ್ಯಾರಿ ಶೆರ್ಮನ್ ಶುರು ಮಾಡಿದ ಈ ಸಾಫ್ಟ್‌ವೇರ್ ಇವತ್ತಿಗೂ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಜನರೇ ಸೇರಿ ಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ರಸ್ತೆಗಳು, 10 ಮೀಟರ್ ರೆಸಲ್ಯೂಷನ್ನಿನ ಸೆಂಟಿನೆಲ್-2 ಉಪಗ್ರಹ ಚಿತ್ರಗಳು ಕೂಡ ಬಿಟ್ಟಿ ಸಿಗುವಾಗ ಡೇಟಾ ಇಲ್ಲ ಅನ್ನೋ ನೆಪಕ್ಕೂ ಜಾಗ ಇಲ್ಲ.

ತೊಂದರೆ ಇರೋದು ಬೇರೆ ಕಡೆ. ಪ್ರೊಜೆಕ್ಷನ್ ಅಂದರೆ ದುಂಡಗಿನ ಭೂಮಿಯನ್ನು ಚಪ್ಪಟೆ ಮ್ಯಾಪ್‌ಗೆ ಇಳಿಸುವ ವಿಧಾನ. ಬೇರೆ ಬೇರೆ ಪ್ರೊಜೆಕ್ಷನ್ನಿನ ಲೇಯರ್‌ಗಳನ್ನು (ಮ್ಯಾಪಿನ ಪದರಗಳನ್ನು) ತಂದು ಹಾಕಿದರೂ ಕ್ಯೂಜಿಐಎಸ್ ತಾನೇ ಹೊಂದಿಸಿ ಒಂದರ ಮೇಲೊಂದು ಕೂರಿಸುತ್ತದೆ, ನೋಡೋಕೆ ಎಲ್ಲ ಸರಿಯಾಗೇ ಇರುತ್ತದೆ, ಹಾಗಾಗಿ ಹೊಸಬರಿಗೆ ಪ್ರೊಜೆಕ್ಷನ್ ಅನ್ನೋದು ತಲೆಗೇ ಹೋಗೋದಿಲ್ಲ. ಆಮೇಲೆ ಅಕ್ಷಾಂಶ-ರೇಖಾಂಶದ ಡಿಗ್ರಿಯಲ್ಲಿ ಅಳೆಯುವ ಇಪಿಎಸ್‌ಜಿ 4326 ಲೇಯರ್ ಮೇಲೆ 500 ಮೀಟರ್ ಅಂತ ಬಫರ್ (ಸುತ್ತಲೂ ಇಷ್ಟು ದೂರದ ಪಟ್ಟಿ) ಹಾಕಿದರೆ ಅದು 500 ಡಿಗ್ರಿ ಅಂತ ತಿಳಿದುಕೊಳ್ಳುತ್ತದೆ. ಇಡೀ ಭೂಮಿ ಸುತ್ತಿದರೂ 360 ಡಿಗ್ರಿ ಅಷ್ಟೇ ಅಲ್ವಾ! ಇದಾದರೂ ಕಣ್ಣಿಗೆ ಹೊಡೆಯುತ್ತದೆ. ವಿಸ್ತೀರ್ಣದ ತಪ್ಪು ಸದ್ದಿಲ್ಲದೆ ನುಗ್ಗುತ್ತದೆ. ಆನ್‌ಲೈನ್ ಮ್ಯಾಪ್‌ಗಳು ಬಳಸುವ ವೆಬ್ ಮರ್ಕೇಟರ್ ಪ್ರೊಜೆಕ್ಷನ್ನಿನ ಲೇಯರ್‌ನಲ್ಲಿ ವಿಸ್ತೀರ್ಣ ಲೆಕ್ಕ ಹಾಕುವ ಏರಿಯಾ ಫಂಕ್ಷನ್ ಬಳಸಿದರೆ 60 ಡಿಗ್ರಿ ಅಕ್ಷಾಂಶದ ಹೊಲ ಸುಮಾರು 4 ಪಟ್ಟು ದೊಡ್ಡದಾಗಿ ಲೆಕ್ಕಕ್ಕೆ ಬರುತ್ತದೆ. ಅದೇ ಹೆಸರಿನ ಶುರುವಿನಲ್ಲಿ ಡಾಲರ್ ಚಿಹ್ನೆ ಇರುವ ಫಂಕ್ಷನ್ ಪ್ರಾಜೆಕ್ಟ್‌ನಲ್ಲಿ ಕೊಟ್ಟ ಎಲಿಪ್ಸಾಯ್ಡ್ (ಭೂಮಿಯ ತುಸು ಚಪ್ಪಟೆ ಗೋಳದ ಆಕಾರ) ಹಿಡಿದು ಲೆಕ್ಕ ಹಾಕುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಬಿಡಿಸಿ ಹೇಳಬಲ್ಲವರಿಗೇ ನಾನಾದರೆ ಕೆಲಸ ಕೊಡುತ್ತೇನೆ, ಬಣ್ಣ ಬಣ್ಣದ ಮ್ಯಾಪ್ ಯಾರು ಬೇಕಾದರೂ ಮಾಡುತ್ತಾರೆ.

ಇಂಟರ್‌ಫೇಸ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ಐಕಾನ್‌ಗಳ ಸಂತೆ. ಮ್ಯಾಪ್ ಡೇಟಾ ಇಡುವ ಹಳೆಯ ಶೇಪ್‌ಫೈಲ್ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಕಾಲಂ ಹೆಸರು 10 ಅಕ್ಷರಕ್ಕೆ ಕತ್ತರಿಸಿ ಹೋಗುತ್ತದೆ, ಅದರ ಬದಲಿಗೆ ಬಳಸಬಹುದಾದ ಜಿಯೋಪ್ಯಾಕೇಜ್ ಫೈಲ್‌ಗೆ ಆ ರಗಳೆ ಇಲ್ಲ.

ಬರೀ ಗುಂಡಿ ಒತ್ತೋದು ಕಲಿತರೆ ಮಾತ್ರ ಸಾಲದು. ಒಂದೇ ಕೆಲಸವನ್ನು ನೂರು ಫೈಲ್‌ಗಳ ಮೇಲೆ ಮಾಡಬೇಕಾದಾಗ ಇದರೊಳಗಿನ ಮಾಡೆಲ್ ಡಿಸೈನರ್ (ಕೆಲಸದ ಹಂತಗಳನ್ನು ಜೋಡಿಸುವ ಸಾಧನ), ಪೈಥಾನ್ ಕೋಡ್ ಬರೆಯುವ ಕನ್ಸೋಲ್ ಕೈ ಹಿಡಿಯುತ್ತವೆ, ಮುಂದೆ ಮ್ಯಾಪ್ ಡೇಟಾಬೇಸ್ ಆದ ಪೋಸ್ಟ್‌ಜಿಐಎಸ್ ಜೊತೆ ಡೇಟಾಬೇಸ್ ಭಾಷೆ ಎಸ್‌ಕ್ಯೂಎಲ್ ಕಲಿಯೋಕೂ ಇಲ್ಲಿಂದಲೇ ದಾರಿ. ಕೆಲಸದ ಜಾಹೀರಾತಿನಲ್ಲಿ ಆರ್ಕ್‌ಜಿಐಎಸ್ ಅಂತಲೇ ಇದ್ದರೆ ಆಗ ಅದನ್ನೂ ಕಲಿಯಿರಿ. ಪ್ರೊಜೆಕ್ಷನ್, ಬಫರ್, ಓವರ್‌ಲೇ (ಲೇಯರ್‌ಗಳನ್ನು ಒಂದರ ಮೇಲೊಂದಿಟ್ಟು ಹೋಲಿಸೋದು) ಅಲ್ಲೂ ಇವೇ, ಮೆನು ಮಾತ್ರ ಬೇರೆ.

ಇನ್‌ಸ್ಟಾಲ್ ಮಾಡುವಾಗ ಸುಮ್ನೆ ಹೊಸದರ ಹಿಂದೆ ಹೋಗದೆ ಲಾಂಗ್ ಟರ್ಮ್ ರಿಲೀಸ್ (ಹೆಚ್ಚು ಕಾಲ ತಿದ್ದುಪಡಿ ಸಿಗುವ ಆವೃತ್ತಿ) ಹಾಕಿಕೊಳ್ಳಿ. ಪ್ಲಗಿನ್‌ಗಳು (ಸೇರಿಸಿಕೊಳ್ಳುವ ಹೆಚ್ಚುವರಿ ಸಾಧನಗಳು) ಕೈಕೊಡುವ ಕಾಟ ಕಡಿಮೆ.